ಓವರ್‌ಕ್ಲಾಕಿಂಗ್‌ಗೆ ಮದರ್‌ಬೋರ್ಡ್ ಮತ್ತು ಮೆಮೊರಿ: ಯಾವುದನ್ನು ಮೊದಲು ಆರಿಸಬೇಕು?

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಳ್ಳಲು ಹೋಗುವವರಲ್ಲಿ ಹೆಚ್ಚಿನವರು ಪ್ರೊಸೆಸರ್ ಯಾವುದೆಂದು ಮನೆಯಲ್ಲೇ ನಿಶ್ಚಯಿಸಿಕೊಂಡಿರುತ್ತಾರೆ. ಓವರ್‌ಕ್ಲಾಕಿಂಗ್ ಮಾಡುವ, ಅಂದರೆ ಬಿಡಿಭಾಗಗಳನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಆಸೆಯಿದ್ದರೆ ಮುಂದಿನ ದೊಡ್ಡ ಮೊತ್ತ ಮದರ್‌ಬೋರ್ಡಿಗೆ ಹೋಗುತ್ತದೆ, ಕೈಯಲ್ಲಿ ಉಳಿದ ಹಣಕ್ಕೆ ಸಿಕ್ಕಿದ ಮೆಮೊರಿ ಚೀಲಕ್ಕೆ ಬೀಳುತ್ತದೆ. ಈ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಕಾಲದಲ್ಲಿ ಪ್ರೊಸೆಸರಿನ ಮಲ್ಟಿಪ್ಲೈಯರ್ (ಅದರ ವೇಗವನ್ನು ನಿರ್ಧರಿಸುವ ಗುಣಕ) ಏರಿಸಿದರೆ ಕಣ್ಣಿಗೆ ಕಾಣುವಷ್ಟು ವೇಗ ಸಿಗುತ್ತಿತ್ತು. ಇಂದು ಎಎಂಡಿಯೂ ಇಂಟೆಲ್ಲೂ ತಮ್ಮ ಮೇಲ್ದರ್ಜೆಯ ಪ್ರೊಸೆಸರುಗಳನ್ನು ಕಾರ್ಖಾನೆಯಲ್ಲೇ ಮಿತಿಯ ಅಂಚಿಗೆ ತಂದು ಮಾರುವುದರಿಂದ ಅಲ್ಲಿ ನಮ್ಮ ಪಾಲಿಗೆ ಉಳಿದಿರುವುದು ಅತ್ಯಲ್ಪ. ಮೆಮೊರಿಯ ಸ್ಥಿತಿ ಹಾಗಲ್ಲ. ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕೆ ತಂದ ನಂತರವೂ ಅದರ ಒಳಗಿನ ಟೈಮಿಂಗ್‌ಗಳು, ಅಂದರೆ ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಕಾಯುವ ಅವಧಿಗಳು, ಸಡಿಲವಾಗಿಯೇ ಇರುತ್ತವೆ, ಅವುಗಳನ್ನು ಬಿಗಿ ಮಾಡುವವನ ಶ್ರಮಕ್ಕೆ ಫಲವಿರುತ್ತದೆ. ಆದ್ದರಿಂದ ಮೊದಲು ಪ್ರೊಸೆಸರಿನ ಮೆಮೊರಿ ಕಂಟ್ರೋಲರ್ (ಮೆಮೊರಿಯೊಂದಿಗೆ ವ್ಯವಹರಿಸುವ ಭಾಗ) ಎಷ್ಟು ವೇಗವನ್ನು ತಾಳಬಲ್ಲದೆಂದು ತಿಳಿಯಬೇಕು, ಆಮೇಲೆ ಆ ವೇಗಕ್ಕೆ ಹೊಂದುವ ಮೆಮೊರಿ ಚಿಪ್ಪನ್ನು ಗುರುತಿಸಬೇಕು, ಕೊನೆಯಲ್ಲಿ ಅಷ್ಟನ್ನು ಹೊರಬಲ್ಲ ಬೋರ್ಡನ್ನು ಕೊಳ್ಳಬೇಕು. 2025ರ ಕೊನೆಯ ತಿಂಗಳುಗಳಲ್ಲಿ ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ತೀವ್ರವಾಗಿ ಏರಿದ ಮೇಲಂತೂ ಇಲ್ಲಿ ಮಾಡುವ ತಪ್ಪು ಮೊದಲಿಗಿಂತ ದುಬಾರಿ.

ಚಿಪ್‌ಸೆಟ್‌ನ ಹೆಸರು ಹೇಳುವುದೆಷ್ಟು

ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್‌ಸೆಟ್‌ನ ವಿಚಾರವನ್ನು ಬೇಗ ಮುಗಿಸಬಹುದು, ಏಕೆಂದರೆ ಇಲ್ಲಿರುವುದು ಹೌದು ಅಥವಾ ಇಲ್ಲ ಎಂಬ ಉತ್ತರಗಳಷ್ಟೇ. ಎಎಂಡಿಯ ಎಎಂ5 ಸಾಕೆಟ್‌ನಲ್ಲಿ (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಬಿ650, ಬಿ650ಇ, ಎಕ್ಸ್670, ಎಕ್ಸ್670ಇ, ಬಿ850, ಎಕ್ಸ್870, ಎಕ್ಸ್870ಇ ಇವೆಲ್ಲವೂ ಪ್ರೊಸೆಸರ್ ಮತ್ತು ಮೆಮೊರಿ ಎರಡರ ಓವರ್‌ಕ್ಲಾಕಿಂಗ್‌ಗೂ ಅವಕಾಶ ಕೊಡುತ್ತವೆ. ಎ620 ಹಾಗೂ ಬಿ840 ಮೆಮೊರಿಯ ವೇಗ ಏರಿಸಲು ಬಿಡುತ್ತವೆಯಾದರೂ ಪ್ರೊಸೆಸರನ್ನು ಮುಟ್ಟಲು ಬಿಡುವುದಿಲ್ಲ. ಬಿ840 ಎಂಬ ಹೆಸರು ಕೇಳಿದರೆ ಅದು ಬಿ650ಕ್ಕಿಂತ ಹೊಸದು, ಹಾಗಾಗಿ ಮೇಲಿನದು ಎಂದು ಯಾರಿಗಾದರೂ ಅನಿಸುತ್ತದೆ. ವಾಸ್ತವದಲ್ಲಿ ಅದು ಕೆಳಗಿನದು. ಇನ್ನು ಎಕ್ಸ್870 ಎಂಬ ಹೆಸರಿಗೆ ಕೊಡುವ ಹೆಚ್ಚಿನ ಹಣ ಯುಎಸ್‌ಬಿ4 ಮತ್ತು ಪಿಸಿಐಇ 5.0 ಎಂಬ ವೇಗದ ಸಂಪರ್ಕ ಸೌಲಭ್ಯಗಳಿಗೆ ಸಲ್ಲುತ್ತದೆಯೇ ಹೊರತು ಓವರ್‌ಕ್ಲಾಕಿಂಗ್‌ಗೆ ಅಲ್ಲ. ಒಳ್ಳೆಯ ಬಿ850 ಬೋರ್ಡು ಸಾಧಾರಣ ಎಕ್ಸ್870 ಬೋರ್ಡಿಗಿಂತ ಈ ಕೆಲಸದಲ್ಲಿ ಮುಂದಿರುವುದು ಸಾಮಾನ್ಯ.

ಇಂಟೆಲ್‌ನಲ್ಲಿ ಗೆರೆ ಇನ್ನೂ ಸ್ಪಷ್ಟ. ಮಲ್ಟಿಪ್ಲೈಯರ್ ಏರಿಸಬೇಕಾದರೆ ಹೆಸರಿನ ಕೊನೆಯಲ್ಲಿ ಕೆ ಅಕ್ಷರವಿರುವ ಪ್ರೊಸೆಸರೂ ಝಡ್690, ಝಡ್790 ಅಥವಾ ಝಡ್890 ಬೋರ್ಡೂ ಎರಡೂ ಬೇಕು. ಬಿ660, ಬಿ760, ಬಿ860 ಬೋರ್ಡುಗಳಲ್ಲಿ ಮೆಮೊರಿಯನ್ನಷ್ಟೇ ಏರಿಸಬಹುದು. ಎಚ್610ರಲ್ಲಿ ಅದೂ ಇಲ್ಲ. ಇಲ್ಲೊಂದು ಮರೆಯಾದ ಕಟ್ಟುಪಾಡೂ ಇದೆ: ಹನ್ನೆರಡನೆಯ ಪೀಳಿಗೆಯ ಕೆ ಅಲ್ಲದ ಪ್ರೊಸೆಸರುಗಳಲ್ಲಿ ಮೆಮೊರಿ ಕಂಟ್ರೋಲರಿಗೆ ಸಂಬಂಧಿಸಿದ ಸಿಸ್ಟಮ್ ಏಜೆಂಟ್ ವೋಲ್ಟೇಜನ್ನು ಬೀಗ ಹಾಕಿಟ್ಟಿರುವುದರಿಂದ, ಬೋರ್ಡು ಅನುಮತಿಸಿದರೂ ಹಿಂದಿನ ಪೀಳಿಗೆಯ ಡಿಡಿಆರ್4 ಮೆಮೊರಿ ಗೇರ್ 1ರಲ್ಲಿ, ಅಂದರೆ ಕಂಟ್ರೋಲರಿನ ಸಮವೇಗದಲ್ಲಿ, 3600ನ್ನು ಮುಟ್ಟದೆ ಹೋಗಬಹುದು. ಬೋರ್ಡಿನ ಪೆಟ್ಟಿಗೆಯ ಮೇಲೆ ಈ ಮಾತು ಎಲ್ಲೂ ಬರೆದಿರುವುದಿಲ್ಲ.

ಎಎಂ5: ಆರು ಸಾವಿರದ ಲೆಕ್ಕ

ಹೊಸದಾಗಿ ಕೊಳ್ಳುವವರ ಮುಂದಿರುವ ಆಯ್ಕೆಗಳಲ್ಲಿ ಎಎಂ5 ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಈ ಸಾಕೆಟ್‌ಗೆ 2027ರವರೆಗೂ ಅದರಾಚೆಗೂ ಬೆಂಬಲ ಮುಂದುವರಿಯುವುದೆಂದು ಎಎಂಡಿ ಘೋಷಿಸಿರುವುದರಿಂದ ಇಂದು ಕೊಂಡ ಬೋರ್ಡು ಮತ್ತು ಮೆಮೊರಿ ನಾಳಿನ ಪ್ರೊಸೆಸರಿಗೂ ಉಪಯೋಗಕ್ಕೆ ಬರುವ ಸಂಭವವಿದೆ.

ಮೆಮೊರಿಯ ಮೇಲೆ ಬರೆದ 6000 ಎಂಬುದು ಸೆಕೆಂಡಿಗೆ ನಡೆಯುವ ವರ್ಗಾವಣೆಗಳ ಸಂಖ್ಯೆ, ದಶಲಕ್ಷಗಳಲ್ಲಿ. ಪ್ರತಿ ಮಿಡಿತಕ್ಕೆ ಎರಡು ವರ್ಗಾವಣೆಗಳಾಗುವುದರಿಂದ ನಿಜವಾದ ಗಡಿಯಾರದ ವೇಗ 3000 ಮೆಗಾಹರ್ಟ್ಝ್. ರೈಝೆನ್ 7000 ಮತ್ತು 9000 ಸರಣಿಯ ಮೆಮೊರಿ ಕಂಟ್ರೋಲರ್ ಇದೇ 3000ದಲ್ಲಿ, ಅಂದರೆ ಮೆಮೊರಿಯೊಂದಿಗೆ ಒಂದಕ್ಕೊಂದು ಹೆಜ್ಜೆ ಹಾಕುತ್ತಾ ನಡೆಯಬಲ್ಲದು. 6400 ತನಕ ಇದು ಅದೃಷ್ಟವಿದ್ದ ಪ್ರೊಸೆಸರುಗಳಲ್ಲಿ ಸಾಧ್ಯ. ಅದನ್ನು ದಾಟಿದರೆ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯುತ್ತದೆ. ಆಗ ಕಳೆದುಕೊಂಡದ್ದನ್ನು ಮರಳಿ ಗಳಿಸಲು ಮೆಮೊರಿ 8000ದ ಆಸುಪಾಸಿಗೆ ಏರಬೇಕು. ನಡುವಿನ 6800, 7200 ವೇಗದ ಕಿಟ್‌ಗಳು (ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ಮಾರುವ ಮೆಮೊರಿ ಮಾಡ್ಯೂಲುಗಳು) ಈ ಸಾಕೆಟ್‌ನಲ್ಲಿ ಅತ್ತ ದರಿ ಇತ್ತ ಪುಲಿ. ಸಂಖ್ಯೆ ದೊಡ್ಡದಿದೆ ಎಂಬ ಕಾರಣಕ್ಕೆ 7200ರ ಕಿಟ್ ತಂದು ಎಎಂ5 ಬೋರ್ಡಿಗೆ ಹಾಕಿದವರು 6000ದ ಕಿಟ್ ಹಾಕಿದವರಿಗಿಂತ ಹಿಂದುಳಿಯುವುದು ಇದೇ ಕಾರಣಕ್ಕೆ. ಒಂದು ಅಪವಾದವುಂಟು: ರೈಝೆನ್ 8000ಜಿ ಸರಣಿಯಲ್ಲಿ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಮೆಮೊರಿಯ ಬ್ಯಾಂಡ್‌ವಿಡ್ತ್‌ಗಾಗಿ ಹಸಿದಿರುತ್ತದೆ, ಆದ್ದರಿಂದ ಅಲ್ಲಿ ಹೆಚ್ಚಿನ ವೇಗ ನೇರವಾಗಿ ಆಟದಲ್ಲಿ ಸೆಕೆಂಡಿಗೆ ಮೂಡುವ ಹೆಚ್ಚಿನ ಫ್ರೇಮ್‌ಗಳಾಗಿ ಕಾಣಿಸುತ್ತದೆ.

ಪ್ರೊಸೆಸರಿನ ಹೆಸರಿನಲ್ಲಿ ಎಕ್ಸ್3ಡಿ ಇದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ. 9800ಎಕ್ಸ್3ಡಿಯಲ್ಲಿ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಇದೆ. 7700ಎಕ್ಸ್‌ನಲ್ಲಿರುವುದು 32 ಎಂಬಿ. ಬೇಕಾದ ದತ್ತಾಂಶ ಕ್ಯಾಶ್‌ನಲ್ಲೇ ಸಿಕ್ಕಿಬಿಟ್ಟರೆ ಮೆಮೊರಿಯ ಬಾಗಿಲು ತಟ್ಟುವ ಅಗತ್ಯವೇ ಬರುವುದಿಲ್ಲ. ಸಿಎಲ್ ಎಂಬುದು ಕೇಳಿದ ದತ್ತಾಂಶ ಕೊಡಲು ಮೆಮೊರಿ ತೆಗೆದುಕೊಳ್ಳುವ ಮಿಡಿತಗಳ ಸಂಖ್ಯೆ, ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಎಕ್ಸ್3ಡಿ ಕೊಳ್ಳುವವರು 6000 ಸಿಎಲ್30 ಕಿಟ್‌ಗೂ 6000 ಸಿಎಲ್36 ಕಿಟ್‌ಗೂ ನಡುವಿನ ಬೆಲೆಯ ಅಂತರ ದೊಡ್ಡದಿದ್ದರೆ ಎರಡನೆಯದನ್ನೇ ನಿಶ್ಚಿಂತೆಯಿಂದ ಆರಿಸಬಹುದು. ಎಕ್ಸ್3ಡಿ ಅಲ್ಲದ ಪ್ರೊಸೆಸರ್ ಕೊಳ್ಳುವವರಿಗೆ ಸಿಎಲ್30 ಎಂಬುದು ಕೊಟ್ಟ ಹಣಕ್ಕೆ ತಕ್ಕದ್ದು.

ಎಎಂ5ರಲ್ಲಿ ಎಚ್ಚರ ವಹಿಸಬೇಕಾದ ವೋಲ್ಟೇಜ್ ಒಂದಿದೆ, ಅದು ಮೆಮೊರಿ ಕಂಟ್ರೋಲರಿಗೆ ಹೋಗುವ ಎಸ್ಒಸಿ. 2023ರ ಏಪ್ರಿಲ್‌ನಲ್ಲಿ ಕೆಲವು 7800ಎಕ್ಸ್3ಡಿ ಪ್ರೊಸೆಸರುಗಳು ಸಾಕೆಟ್‌ನಲ್ಲೇ ಸುಟ್ಟುಹೋದ ಪ್ರಕರಣಗಳು ಬೆಳಕಿಗೆ ಬಂದ ನಂತರ ಎಎಂಡಿ ಈ ವೋಲ್ಟೇಜಿಗೆ 1.3 ವೋಲ್ಟ್‌ನ ಮೇಲ್ಮಿತಿ ಹಾಕಿತು. ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕೆ ಮೆಮೊರಿಯನ್ನು ಒಮ್ಮೆಗೇ ಹೊಂದಿಸುವ ಎಕ್ಸ್‌ಪೋ ಪ್ರೊಫೈಲ್ ಆನ್ ಮಾಡಿದೊಡನೆ ಅನೇಕ ಬೋರ್ಡುಗಳು ಈಗಲೂ ತಾವಾಗಿಯೇ ಆ ಮಿತಿಯ ಸಮೀಪಕ್ಕೆ ಹೋಗಿ ನಿಲ್ಲುತ್ತವೆ. 6000ಕ್ಕೆ 1.2 ವೋಲ್ಟ್ ಸಾಕಾಗುವ ಪ್ರೊಸೆಸರುಗಳೇ ಹೆಚ್ಚು. ಕೈಯಾರೆ ಇಳಿಸಿ ಪರೀಕ್ಷಿಸುವುದು ಒಳ್ಳೆಯದು. ಬೋರ್ಡು ಹಳೆಯ ದಾಸ್ತಾನಾಗಿದ್ದರೆ ಮೊದಲ ದಿನವೇ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ನವೀಕರಿಸಬೇಕೆಂದು ಹೇಳುವುದಕ್ಕೂ ಇದೇ ಕಾರಣ.

ಇಂಟೆಲ್: ಎರಡು ಸಾಕೆಟ್‌ಗಳ ನಡುವೆ

ಎಲ್‌ಜಿಎ1700 ಸಾಕೆಟ್ ಹನ್ನೆರಡರಿಂದ ಹದಿನಾಲ್ಕನೆಯ ಪೀಳಿಗೆಯವರೆಗಿನದು. ಡಿಡಿಆರ್5 ಮೆಮೊರಿ ಇಲ್ಲಿ ಗೇರ್ 2ರಲ್ಲಿ, ಎಂದರೆ ಕಂಟ್ರೋಲರಿನ ಎರಡು ಪಟ್ಟು ವೇಗದಲ್ಲಿ ಓಡುವುದೇ ವಾಡಿಕೆ. ಹಾಗಾಗಿ ಎಎಂ5ರಂತೆ 6400ರಲ್ಲಿ ಬಂಡೆ ಅಡ್ಡ ಬರುವುದಿಲ್ಲ. ಮೆಮೊರಿ ಹಾಕಲು ನಾಲ್ಕು ಸ್ಲಾಟ್‌ಗಳಿರುವ ಸಾಧಾರಣ ಝಡ್790 ಬೋರ್ಡಿನಲ್ಲಿ 7200ನ್ನು ನಿರೀಕ್ಷಿಸಬಹುದು, ಎರಡೇ ಸ್ಲಾಟ್‌ಗಳಿರುವ ಬೋರ್ಡಿನಲ್ಲಿ 8000ವನ್ನೂ ಆಶಿಸಬಹುದು. ಆದರೆ ಹದಿಮೂರು ಮತ್ತು ಹದಿನಾಲ್ಕನೆಯ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರುಗಳಲ್ಲಿ ಅತಿಯಾದ ವೋಲ್ಟೇಜಿನಿಂದ ಸ್ಥಿರತೆ ಕುಸಿಯುವ ದೋಷ ಕಂಡುಬಂದು, 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ತಂತ್ರಾಂಶ) ಪರಿಹಾರಗಳನ್ನು ಬಿಡುಗಡೆ ಮಾಡಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಈ ಸಾಕೆಟ್‌ನಲ್ಲಿ ಬಳಸಿದ ಪ್ರೊಸೆಸರನ್ನು ಕೊಂಡು ಓವರ್‌ಕ್ಲಾಕ್ ಮಾಡುವ ಯೋಚನೆಯಿದ್ದವರಿಗೆ ನನ್ನ ಸಲಹೆ ಬೇಡ ಎಂಬುದೇ: ಅದು ಹಿಂದಿನ ಮಾಲೀಕರ ಬಳಿ ಎಷ್ಟು ಕಾಲ ಯಾವ ವೋಲ್ಟೇಜಿನಲ್ಲಿ ದುಡಿದಿದೆ ಎಂದು ತಿಳಿಯುವ ದಾರಿಯಿಲ್ಲ.

2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್ ಸರಣಿ ಮತ್ತು ಅದರ ಎಲ್‌ಜಿಎ1851 ಸಾಕೆಟ್, ಮೆಮೊರಿಯನ್ನು ತಿದ್ದಿ ತೀಡುವ ಹವ್ಯಾಸಿಗೆ ಬಹುಶಃ ಹೆಚ್ಚು ಆಸಕ್ತಿಯ ವೇದಿಕೆ. ಇದರಲ್ಲಿ ಸಿಯುಡಿಐಎಂಎಂ ಎಂಬ ಹೊಸ ಬಗೆಯ ಮೆಮೊರಿಗೆ ಬೆಂಬಲವಿದೆ. ಮಾಡ್ಯೂಲ್ ಮೇಲೆಯೇ ಇರುವ ಚಿಕ್ಕ ಕ್ಲಾಕ್ ಡ್ರೈವರ್ ಚಿಪ್, ಪ್ರೊಸೆಸರಿನಿಂದ ಬಂದ ಗಡಿಯಾರದ ಸಂಕೇತವನ್ನು ಶುದ್ಧಗೊಳಿಸಿ ಮೆಮೊರಿ ಚಿಪ್ಪುಗಳಿಗೆ ಹಂಚುತ್ತದೆ. 8000 ಮತ್ತು ಅದರಾಚೆಯ ವೇಗ ಸಾಮಾನ್ಯರ ಕೈಗೆಟುಕಿದ್ದು ಈ ಚಿಪ್ಪಿನಿಂದ. 2025ರ ಏಪ್ರಿಲ್‌ನಲ್ಲಿ ಇಂಟೆಲ್ ಪ್ರಕಟಿಸಿದ 200ಎಸ್ ಬೂಸ್ಟ್ ಎಂಬ ಪ್ರೊಫೈಲು ಝಡ್890 ಬೋರ್ಡುಗಳಲ್ಲಿ ಕೆ ಪ್ರೊಸೆಸರುಗಳ ಒಳಗಿನ ಸಂಪರ್ಕ ಜಾಲದ ವೇಗವನ್ನು ಏರಿಸಿ, ಮೆಮೊರಿಯನ್ನು 8000ದವರೆಗೆ ಒಯ್ದರೂ ವಾರಂಟಿಯನ್ನು ಕಾಯ್ದುಕೊಳ್ಳುತ್ತದೆ. ಇದು ಅಪರೂಪದ ಔದಾರ್ಯ, ಏಕೆಂದರೆ ಇಂಟೆಲ್‌ನ ಎಕ್ಸ್‌ಎಂಪಿ ಪ್ರೊಫೈಲಾಗಲಿ ಎಎಂಡಿಯ ಎಕ್ಸ್‌ಪೋ ಆಗಲಿ, ಲೆಕ್ಕಕ್ಕೆ ಓವರ್‌ಕ್ಲಾಕಿಂಗೇ. ಅದರಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲವೆಂದು ಎರಡೂ ಕಂಪನಿಗಳ ಷರತ್ತುಗಳಲ್ಲಿದೆ. ಸಿಯುಡಿಐಎಂಎಂ ಮಾಡ್ಯೂಲನ್ನು ಎಎಂ5 ಬೋರ್ಡಿಗೆ ಹಾಕಿದರೆ ಆ ಕ್ಲಾಕ್ ಡ್ರೈವರ್ ಬೈಪಾಸ್ ಸ್ಥಿತಿಯಲ್ಲಿ ಸುಮ್ಮನೆ ಕುಳಿತಿರುತ್ತದೆ, ಅದಕ್ಕೆ ಕೊಟ್ಟ ಹೆಚ್ಚಿನ ಹಣ ನೀರಿನಲ್ಲಿ ಹೋಮ.

ಸ್ಟಿಕ್ಕರಿನ ಹಿಂದಿನ ಚಿಪ್

ಮೆಮೊರಿ ಕೊಳ್ಳುವಾಗ ನಾವು ನೋಡುವುದು ಬ್ರ್ಯಾಂಡನ್ನು. ಓವರ್‌ಕ್ಲಾಕಿಂಗ್‌ಗೆ ಮುಖ್ಯವಾಗುವುದು ಹೀಟ್‌ಸಿಂಕಿನ ಕೆಳಗೆ ಯಾರ ಚಿಪ್ ಇದೆ ಎಂಬುದು. ಜಿ.ಸ್ಕಿಲ್, ಕೋರ್ಸೇರ್, ಕಿಂಗ್‌ಸ್ಟನ್ ಮೊದಲಾದ ಹೆಸರುಗಳಲ್ಲಿ ಮಾರಾಟವಾಗುವ ಮಾಡ್ಯೂಲುಗಳ ಒಳಗೆ ಸಾಮಾನ್ಯವಾಗಿ ಎಸ್‌ಕೆ ಹೈನಿಕ್ಸ್, ಸ್ಯಾಮ್‌ಸಂಗ್, ಮೈಕ್ರಾನ್ ಈ ಮೂರರಲ್ಲೊಂದರ ಚಿಪ್ಪಿರುತ್ತದೆ. ಡಿಡಿಆರ್5ರಲ್ಲಿ ಹೈನಿಕ್ಸ್‌ನದೇ ಮೇಲುಗೈ. ಅದರ 16 ಗಿಗಾಬಿಟ್‌ನ ಎಂ-ಡೈ (ಡೈ ಎಂದರೆ ಇಲ್ಲಿ ಚಿಪ್ಪಿನ ಒಂದು ವಿನ್ಯಾಸ) ಮೊದಲು ಬಂದದ್ದು, ಎ-ಡೈ ನಂತರದ್ದು ಮತ್ತು ಇನ್ನೂ ಎತ್ತರಕ್ಕೆ ಏರಬಲ್ಲದ್ದು. 24 ಮತ್ತು 48 ಜಿಬಿ ಮಾಡ್ಯೂಲುಗಳಲ್ಲಿ ಕಾಣುವ 24 ಗಿಗಾಬಿಟ್‌ನ ಎಂ-ಡೈ ಕೂಡ ಉತ್ತಮವೇ.

ಪೆಟ್ಟಿಗೆ ತೆರೆಯದೆ ಇದನ್ನು ಊಹಿಸುವುದಕ್ಕೆ ಸಿಎಲ್ ಸಂಖ್ಯೆ ಒಂದು ಕೈದೀವಿಗೆ. ಲೆಕ್ಕ ಸುಲಭ: ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ಮೆಮೊರಿಯ ವೇಗದಿಂದ ಭಾಗಿಸಿದರೆ ವಿಳಂಬ ನ್ಯಾನೋಸೆಕೆಂಡುಗಳಲ್ಲಿ ಸಿಗುತ್ತದೆ. 6000 ಸಿಎಲ್30 ಎಂದರೆ 10 ನ್ಯಾನೋಸೆಕೆಂಡು. 6000 ಸಿಎಲ್36 ಎಂದರೆ 12. 7200 ಸಿಎಲ್34 ಎಂದರೆ ಸುಮಾರು 9.4, ಪ್ರೊಫೈಲೇ ಇಲ್ಲದ ಸಾದಾ 5600 ಸಿಎಲ್46 ಎಂದರೆ ಸುಮಾರು 16.4. ಹತ್ತರ ಆಸುಪಾಸಿನಲ್ಲಿರುವ ಕಿಟ್‌ನೊಳಗೆ ಹೈನಿಕ್ಸ್ ಇರುವ ಸಾಧ್ಯತೆ ಹೆಚ್ಚು, ಏಕೆಂದರೆ ಉಳಿದ ಚಿಪ್ಪುಗಳು ಅಷ್ಟು ಬಿಗಿಯಾದ ಸಿಎಲ್ ಅನ್ನು ಸುಲಭವಾಗಿ ತಾಳುವುದಿಲ್ಲ. ಹಾಗೆಂದು ಸಿಎಲ್ ಒಂದನ್ನೇ ನೋಡಿ ಕೊಳ್ಳಬಾರದು. 30-38-38 ಎಂಬಲ್ಲಿ ಎರಡನೆಯ ಮತ್ತು ಮೂರನೆಯ ಸಂಖ್ಯೆಗಳೂ ಚಿಪ್ಪಿನ ಗುಣವನ್ನೇ ಹೇಳುತ್ತವೆ; ಮೊದಲನೆಯದು ಮಾತ್ರ ಚಿಕ್ಕದಾಗಿ ಉಳಿದವು ತೀರ ದೊಡ್ಡದಾಗಿದ್ದರೆ ಸಂಶಯಪಡಬೇಕು.

ಕಿಟ್‌ನ ಪೆಟ್ಟಿಗೆಯ ಮೇಲೆ ಇರದ ಎರಡು ಟೈಮಿಂಗ್‌ಗಳನ್ನು ಇಲ್ಲಿ ಹತ್ತಿರದಿಂದ ನೋಡೋಣ. ಡಿರ್‍ಯಾಮ್‌ನ (ಅಂದರೆ ಈ ಮೆಮೊರಿ ಚಿಪ್ಪುಗಳ) ಪ್ರತಿಯೊಂದು ಕೋಶವೂ ಸೋರುವ ಕೊಡವಿದ್ದಂತೆ, ಆಗಾಗ್ಗೆ ತುಂಬಿಸುತ್ತಿರಬೇಕು. ಎಷ್ಟು ಹೊತ್ತಿಗೊಮ್ಮೆ ತುಂಬಿಸಬೇಕೆಂಬುದು ಟಿಆರ್‌ಇಎಫ್‌ಐ, ತುಂಬಿಸಲು ಎಷ್ಟು ಹೊತ್ತು ಬೇಕೆಂಬುದು ಟಿಆರ್‌ಎಫ್‌ಸಿ. 16 ಗಿಗಾಬಿಟ್ ಚಿಪ್ಪಿಗೆ ಮಾನಕದ ಪ್ರಕಾರ ಟಿಆರ್‌ಎಫ್‌ಸಿ 295 ನ್ಯಾನೋಸೆಕೆಂಡು. 6000ದ ವೇಗದಲ್ಲಿ ಅದು 885 ಮಿಡಿತಗಳಾಗುತ್ತವೆ. ಟಿಆರ್‌ಇಎಫ್‌ಐ 3.9 ಮೈಕ್ರೋಸೆಕೆಂಡು, ಅಂದರೆ 11,700 ಮಿಡಿತ. ಹೀಗೆ ಪ್ರತಿ 11,700 ಮಿಡಿತಗಳಲ್ಲಿ 885 ಮಿಡಿತ, ಸುಮಾರು ಏಳೂವರೆ ಶೇಕಡಾ ಕಾಲ, ಮೆಮೊರಿ ತನ್ನ ಕೊಡ ತುಂಬಿಕೊಳ್ಳುವುದರಲ್ಲೇ ಕಳೆಯುತ್ತದೆ. ಹೈನಿಕ್ಸ್ ಚಿಪ್ಪಿನಲ್ಲಿ ಟಿಆರ್‌ಎಫ್‌ಸಿಯನ್ನು 500ರ ಸುಮಾರಿಗೆ ಇಳಿಸಿ, ಟಿಆರ್‌ಇಎಫ್‌ಐಯನ್ನು 50,000ಕ್ಕೆ ಏರಿಸಿದರೆ ಈ ಪೋಲು ಶೇಕಡಾ ಒಂದಕ್ಕೆ ಬಂದು ನಿಲ್ಲುತ್ತದೆ. ವೇಗವನ್ನು ಒಂದು ಮೆಗಾಹರ್ಟ್ಝ್ ಕೂಡ ಏರಿಸದೆ ಸಿಕ್ಕ ಲಾಭವಿದು, ಮತ್ತು ಇದಕ್ಕೆ ಸಾಧಾರಣ ಬಿ650 ಬೋರ್ಡು ಸಾಕು. 6000ದ ಕಿಟ್ ಕೊಂಡು ಹೀಗೆ ಬಿಗಿಗೊಳಿಸಿದವರನ್ನು, 8000ದ ಕಿಟ್ ಕೊಂಡು ಪ್ರೊಫೈಲ್ ಆನ್ ಮಾಡಿ ಕೈತೊಳೆದುಕೊಂಡವರು ಎಎಂ5ರಲ್ಲಿ ಹಿಂದಿಕ್ಕುವುದು ಕಷ್ಟ.

ಡಿಡಿಆರ್5 ಮಾಡ್ಯೂಲಿನಲ್ಲಿ ವೋಲ್ಟೇಜನ್ನು ನಿಯಂತ್ರಿಸುವ ಪಿಎಂಐಸಿ ಎಂಬ ಚಿಪ್ ಮಾಡ್ಯೂಲಿನ ಮೇಲೆಯೇ ಇರುತ್ತದೆ. ಡಿಡಿಆರ್4ರಲ್ಲಿ ಈ ಕೆಲಸ ಬೋರ್ಡಿನದಾಗಿತ್ತು. ಅಗ್ಗದ ಮಾಡ್ಯೂಲುಗಳಲ್ಲಿ ಈ ಚಿಪ್ ಬೀಗ ಹಾಕಿದ ಸ್ಥಿತಿಯಲ್ಲಿದ್ದು 1.43 ವೋಲ್ಟ್ ದಾಟಲು ಬಿಡುವುದಿಲ್ಲ. ದಿನನಿತ್ಯದ ಬಳಕೆಗೆ 1.4 ವೋಲ್ಟ್ ಧಾರಾಳವಾದ್ದರಿಂದ ಇದು ಹೆಚ್ಚಿನವರಿಗೆ ತೊಡಕಲ್ಲ. ನಿಜವಾಗಿ ದೂರವಿಡಬೇಕಾದದ್ದು 8 ಜಿಬಿಯ ಡಿಡಿಆರ್5 ಮಾಡ್ಯೂಲುಗಳನ್ನು. ಅವುಗಳಲ್ಲಿ ಬಳಸುವ ಅಗಲವಾದ ಚಿಪ್ಪುಗಳಲ್ಲಿ ಬ್ಯಾಂಕ್ ಗುಂಪುಗಳು (ಒಟ್ಟೊಟ್ಟಿಗೆ ಕೆಲಸ ಮಾಡಬಲ್ಲ ವಿಭಾಗಗಳು) ಅರ್ಧಕ್ಕರ್ಧ ಕಡಿಮೆ. ಎಷ್ಟೇ ತಿದ್ದಿದರೂ 16 ಜಿಬಿ ಮಾಡ್ಯೂಲಿನ ಸಮಕ್ಕೆ ಬರಲಾರವು.

ಎರಡೋ, ನಾಲ್ಕೋ

ಈ ಪ್ರಶ್ನೆಗೆ ಉತ್ತರ ನಾನು ಕೈ ಸುಟ್ಟುಕೊಂಡು ಕಲಿತದ್ದು. ನನ್ನ ಎಎಂ5 ಕಂಪ್ಯೂಟರಿನಲ್ಲಿ 16 ಜಿಬಿಯ ಎರಡು ಮಾಡ್ಯೂಲುಗಳು 6000ದಲ್ಲಿ ಒಂದು ವರ್ಷ ಯಾವ ತಕರಾರೂ ಇಲ್ಲದೆ ನಡೆದಿದ್ದವು. ಅದೇ ಮಾದರಿ ಸಂಖ್ಯೆಯ ಇನ್ನೊಂದು ಕಿಟ್ ತಂದು ಖಾಲಿಯಿದ್ದ ಎರಡು ಸ್ಲಾಟ್‌ಗಳಿಗೆ ಸೇರಿಸಿದೆ. ಪರದೆ ಕಪ್ಪಾಗಿಯೇ ಉಳಿಯಿತು. ಬೋರ್ಡಿನ ಮೂಲೆಯಲ್ಲಿ ಡಿರ್‍ಯಾಮ್ ಎಂದು ಬರೆದ ಹಳದಿ ದೀಪ ಮಾತ್ರ ಉರಿಯುತ್ತಿತ್ತು. ಎಎಂ5 ಬೋರ್ಡು ಹೊಸ ಮೆಮೊರಿಯನ್ನು ಕಂಡಾಗ ಅದರ ಜೊತೆ ಹೊಂದಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಬಟನ್ ಒತ್ತಿ ಆರಿಸಬಾರದು ಎಂದು ತಿಳಿದಿದ್ದರಿಂದ ಕಾದೆ. ಕಾಲು ಗಂಟೆಯ ನಂತರ ಬೋರ್ಡು ತಾನಾಗಿಯೇ ಸೋಲೊಪ್ಪಿಕೊಂಡು 3600ರಲ್ಲಿ ಎದ್ದಿತು. ಬಿಡಿಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶ ತೆರೆದು ನೋಡಿದರೆ, ಒಂದೇ ಹೆಸರು ಒಂದೇ ಸಂಖ್ಯೆಯ ಕಿಟ್ ಆದರೂ ಹೊಸದರೊಳಗಿನ ಚಿಪ್ ತಯಾರಕರೇ ಬೇರೆ. ಒಂದು ವಾರದ ಪ್ರಯತ್ನದ ನಂತರ ನಾಲ್ಕೂ ಸೇರಿ 5200ರಲ್ಲಿ ನಿಂತವು.

ನಿಯಮವನ್ನು ಮೀರಿದ್ದು ನಾನೇ ಎಂಬುದು ಎಎಂಡಿಯ ಅಧಿಕೃತ ಪಟ್ಟಿಯನ್ನು ಓದಿದಾಗ ತಿಳಿಯಿತು: ರೈಝೆನ್ 7000ಕ್ಕೆ ಎರಡು ಮಾಡ್ಯೂಲುಗಳಿದ್ದರೆ 5200, ನಾಲ್ಕಿದ್ದರೆ 3600. ರೈಝೆನ್ 9000ದಲ್ಲಿ ಮೊದಲನೆಯದು 5600ಕ್ಕೆ ಏರಿದೆ, ಎರಡನೆಯದು 3600ರಲ್ಲೇ ಇದೆ. ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ವೇಗಕ್ಕೆ ತಯಾರಕರು ಕೊಡುವ ಭರವಸೆ ಆ ಒಂದು ಪೆಟ್ಟಿಗೆಯಲ್ಲಿರುವ ಮಾಡ್ಯೂಲುಗಳಿಗಷ್ಟೇ. 64 ಜಿಬಿ ಬೇಕಾದರೆ 32ರ ಎರಡನ್ನು ಕೊಳ್ಳಬೇಕು, 16ರ ನಾಲ್ಕನ್ನಲ್ಲ. 32 ಸಾಲದು, 64 ಹೆಚ್ಚಾಯಿತು ಎನ್ನುವವರಿಗೆ 24ರ ಎರಡು ಬಹಳ ಒಳ್ಳೆಯ ನಡುವಿನ ದಾರಿ: ಅವು ಚಿಪ್ಪುಗಳ ಒಂದೇ ತಂಡವಿರುವ ಸಿಂಗಲ್ ರ್‍ಯಾಂಕ್ ಆದ್ದರಿಂದ ಕಂಟ್ರೋಲರಿಗೆ ಭಾರ ಕಡಿಮೆ, ವೇಗಕ್ಕೂ ಅಡ್ಡಿಯಿಲ್ಲ. 32ರ ಮಾಡ್ಯೂಲುಗಳು ಹೆಚ್ಚಾಗಿ ಎರಡು ತಂಡಗಳಿರುವ ಡ್ಯುಯಲ್ ರ್‍ಯಾಂಕ್; ಅವು 6000ದಲ್ಲಿ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ, ಆದರೆ 8000ದ ಕನಸನ್ನು ಅವುಗಳೊಂದಿಗೆ ಕಾಣಬಾರದು.

ಬೋರ್ಡಿನಲ್ಲಿ ನೋಡಬೇಕಾದದ್ದು

ಎರಡೇ ಮಾಡ್ಯೂಲು ಎಂದು ನಿಶ್ಚಯವಾದ ಮೇಲೆ ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಬೇಡವೇ ಬೇಡ. ಇಂದಿನ ಬಹುಪಾಲು ಬೋರ್ಡುಗಳಲ್ಲಿ ಮೆಮೊರಿಯ ತಂತಿಗಳು ಡೈಸಿ ಚೈನ್ ವಿಧಾನದಲ್ಲಿ ಮೊದಲು ಒಂದು ಸ್ಲಾಟನ್ನು ಹಾದು ಆಮೇಲೆ ಇನ್ನೊಂದನ್ನು ಮುಟ್ಟುತ್ತವೆ. ತುದಿಯ ಸ್ಲಾಟ್ ಖಾಲಿಯಿದ್ದರೆ ಅಲ್ಲಿಂದ ಸಂಕೇತ, ಬಾವಿಯೊಳಗೆ ಕೂಗಿದ ಕೂಗಿನಂತೆ, ಮಾರ್ದನಿಯಾಗಿ ಹಿಂದಿರುಗಿ ಮೂಲ ಸಂಕೇತವನ್ನು ಕೆಡಿಸುತ್ತದೆ. ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲೇ ಮಾಡ್ಯೂಲು ಹಾಕಬೇಕೆಂದು ಕೈಪಿಡಿಗಳು ಹೇಳುವುದು ಇದಕ್ಕೇ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಕಂಪ್ಯೂಟರಿನಲ್ಲಿ ಮಾಡ್ಯೂಲುಗಳು ಮೊದಲನೆಯ ಮತ್ತು ಮೂರನೆಯದರಲ್ಲಿ ಕುಳಿತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಎರಡೇ ಸ್ಲಾಟ್‌ಗಳ ಬೋರ್ಡಿನಲ್ಲಿ ಈ ಸಮಸ್ಯೆ ಹುಟ್ಟುವುದೇ ಇಲ್ಲ. ಏಸುಸ್‌ನ ಏಪೆಕ್ಸ್, ಗಿಗಾಬೈಟ್‌ನ ಟ್ಯಾಕಿಯಾನ್‌ನಂಥ ದಾಖಲೆಗಾಗಿಯೇ ಮಾಡಿದ ಬೋರ್ಡುಗಳು ಎರಡು ಸ್ಲಾಟ್‌ಗಳೊಂದಿಗೆ ಬರುವುದು ಈ ಕಾರಣಕ್ಕೆ. ಅಷ್ಟು ಬೆಲೆ ಕೊಡಲಾಗದವರಿಗೆ ಮಿನಿ-ಐಟಿಎಕ್ಸ್ ಬೋರ್ಡು ಇದೇ ಲಾಭವನ್ನು ಚಿಕ್ಕ ಗಾತ್ರದಲ್ಲಿ ಕೊಡುತ್ತದೆ, ಪ್ರೊಸೆಸರಿನಿಂದ ಸ್ಲಾಟ್‌ಗೆ ದೂರವೂ ಕಡಿಮೆ. ಬೋರ್ಡಿನ ಪದರಗಳ ಸಂಖ್ಯೆಯೂ ಮುಖ್ಯ: ನಾಲ್ಕು ಪದರದ ಬೋರ್ಡಿಗಿಂತ ಆರು, ಆರಕ್ಕಿಂತ ಎಂಟು ಪದರದ್ದು ಸಂಕೇತವನ್ನು ಶುದ್ಧವಾಗಿ ಸಾಗಿಸುತ್ತದೆ. ಕೆಲವು ತಯಾರಕರು ಇದನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತಾರೆ, ಪ್ರಕಟಿಸದವರದ್ದು ಸಾಮಾನ್ಯವಾಗಿ ಹೇಳಿಕೊಳ್ಳುವಂಥದ್ದಲ್ಲ.

ಪ್ರೊಸೆಸರಿಗೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ವಿಆರ್‌ಎಂ ಕುರಿತು ಜಾಹೀರಾತುಗಳು ಮಾಡುವಷ್ಟು ಗದ್ದಲ ಬೇರಾವುದರ ಬಗ್ಗೆಯೂ ಇಲ್ಲ. 16+2+1, 20+1+2 ಎಂದು ಫೇಸ್‌ಗಳ (ವಿದ್ಯುತ್ತಿನ ಹೊರೆ ಹಂಚಿಕೊಳ್ಳುವ ಘಟಕಗಳ) ಅಂಕಿಗಳನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುತ್ತಾರೆ. ಲೆಕ್ಕ ಹಾಕಿ ನೋಡಿ: ರೈಝೆನ್ 7950ಎಕ್ಸ್‌ನ ಅತಿ ಹೆಚ್ಚಿನ ಮಿತಿ 230 ವ್ಯಾಟ್, 1.2 ವೋಲ್ಟ್‌ನಲ್ಲಿ ಅದು ಸುಮಾರು 190 ಆಂಪಿಯರ್. 60 ಆಂಪಿಯರ್‌ನ ಹನ್ನೆರಡು ಫೇಸ್‌ಗಳಿದ್ದರೆ ಒಂದೊಂದರ ಪಾಲಿಗೆ ಬರುವುದು 16 ಆಂಪಿಯರ್, ಅಂದರೆ ಸಾಮರ್ಥ್ಯದ ಮೂರನೆಯ ಒಂದಕ್ಕಿಂತ ಕಡಿಮೆ. 162 ವ್ಯಾಟ್‌ನ 9800ಎಕ್ಸ್3ಡಿಗಂತೂ ಎಂಟು ಒಳ್ಳೆಯ ಫೇಸ್‌ಗಳೇ ಬೇಕಾದಷ್ಟಾಯಿತು. 253 ವ್ಯಾಟ್‌ನ ಅಧಿಕೃತ ಮಿತಿಯನ್ನು ತೆಗೆದುಹಾಕಿದರೆ 300ನ್ನು ದಾಟುವ ಕೋರ್ ಐ9 14900ಕೆಯಂಥ ಪ್ರೊಸೆಸರಿಗೆ ಮಾತ್ರ ಹೆಚ್ಚಿನ ಫೇಸ್‌ಗಳಿಗೆ ಅರ್ಥವಿದೆ. ಫೇಸ್‌ಗಳ ಸಂಖ್ಯೆಗಿಂತ ಅವುಗಳ ಮೇಲೆ ಕುಳಿತ ಹೀಟ್‌ಸಿಂಕನ್ನು ಗಮನಿಸಬೇಕು: ನಿಜವಾದ ಲೋಹದ ಗಟ್ಟಿ ತೂಕವಿದೆಯೇ, ಗಾಳಿ ಹಾಯಲು ಸೀಳುಗಳಿವೆಯೇ, ಅಥವಾ ಬಣ್ಣದ ಪ್ಲಾಸ್ಟಿಕ್ ಹೊದಿಕೆಯೇ ಎಂದು.

ಚಿಕ್ಕ ಸೌಲಭ್ಯಗಳಲ್ಲಿ ಮೂರಕ್ಕೆ ನಾನು ಹಣ ಕೊಡುತ್ತೇನೆ. ಮೊದಲನೆಯದು, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ನವೀಕರಿಸುವ ಫ್ಲ್ಯಾಶ್‌ಬ್ಯಾಕ್ ಬಟನ್. ಅಂಗಡಿಯ ಹಳೆಯ ದಾಸ್ತಾನಿನ ಬಿ650 ಬೋರ್ಡಿಗೆ ರೈಝೆನ್ 9000 ಹಾಕುವವರಿಗೆ ಇದು ಅನಿವಾರ್ಯವಾಗಬಹುದು. ಎರಡನೆಯದು, ಬಯಾಸ್ ಸೆಟ್ಟಿಂಗುಗಳನ್ನು ಅಳಿಸಿ ಮೊದಲಿನ ಸ್ಥಿತಿಗೆ ತರುವ, ಹಿಂಬದಿಯಲ್ಲಿರುವ ಕ್ಲಿಯರ್ ಸಿಮಾಸ್ ಬಟನ್. ಮೆಮೊರಿಯ ಟೈಮಿಂಗ್ ತಿದ್ದುವವನು ದಿನಕ್ಕೆ ಹತ್ತು ಬಾರಿ ಸೋಲುತ್ತಾನೆ. ಪ್ರತಿ ಬಾರಿಯೂ ಗ್ರಾಫಿಕ್ಸ್ ಕಾರ್ಡಿನ ಅಡಿಗೆ ಸ್ಕ್ರೂಡ್ರೈವರ್ ತೂರಿಸಿ ಎರಡು ಪಿನ್ ಮುಟ್ಟಿಸುವುದು ಸುಖದ ಕೆಲಸವಲ್ಲ. ಮೂರನೆಯದು, ಕಂಪ್ಯೂಟರು ಏಳುವಾಗ ಎಲ್ಲಿ ಸಿಕ್ಕಿಕೊಂಡಿತೆಂದು ತೋರಿಸುವ ಎರಡಂಕಿಯ ಡಿಬಗ್ ಪರದೆ. ಇವುಗಳಲ್ಲಿ ಎರಡಾದರೂ ಇಲ್ಲದ ಬೋರ್ಡಿಗೆ ಬಣ್ಣದ ದೀಪಗಳಿವೆ ಎಂದು ಹೆಚ್ಚು ಬೆಲೆ ಕೇಳಿದರೆ ಮುಂದಿನ ಅಂಗಡಿ ನೋಡಬೇಕು. ಕೊಳ್ಳುವ ಮೊದಲು ತಯಾರಕರ ತಾಣದಲ್ಲಿರುವ ಪರೀಕ್ಷಿತ ಮೆಮೊರಿಗಳ ಪಟ್ಟಿಯಲ್ಲಿ ನಿಮ್ಮ ಕಿಟ್ ಇದೆಯೇ ಎಂದೂ, ಇದ್ದರೆ ಎಷ್ಟು ಮಾಡ್ಯೂಲುಗಳಿಗೆ ಆ ವೇಗ ದೃಢಪಟ್ಟಿದೆ ಎಂದೂ ನೋಡಿಕೊಳ್ಳಿ. ಎರಡನೆಯ ಕಾಲಂ ಅನ್ನು ಓದದೆ ಬಿಡುವವರೇ ಹೆಚ್ಚು.

ಹಳೆಯ ಡಿಡಿಆರ್4 ಇಟ್ಟುಕೊಂಡವರಿಗೆ

ಮೆಮೊರಿಯ ಬೆಲೆ ಏರಿದ ಮೇಲೆ ಎಎಂಡಿಯ ಹಿಂದಿನ ಸಾಕೆಟ್ ಆದ ಎಎಂ4ರ ಕಂಪ್ಯೂಟರನ್ನು ಇನ್ನೆರಡು ವರ್ಷ ಎಳೆಯೋಣ ಎನ್ನುವವರು ಹೆಚ್ಚಾಗಿದ್ದಾರೆ, ಅದು ತಪ್ಪು ಲೆಕ್ಕವೂ ಅಲ್ಲ. ಬಿ550 ಅಥವಾ ಎಕ್ಸ್570 ಬೋರ್ಡು, ರೈಝೆನ್ 5000 ಪ್ರೊಸೆಸರ್ ಇದ್ದರೆ ಗುರಿ 3600 ಸಿಎಲ್16. ಆಗ ಪ್ರೊಸೆಸರಿನ ಒಳಗಿನ ಸಂಪರ್ಕ ಜಾಲವಾದ ಇನ್ಫಿನಿಟಿ ಫ್ಯಾಬ್ರಿಕ್ 1800 ಮೆಗಾಹರ್ಟ್ಝ್‌ನಲ್ಲಿ ಮೆಮೊರಿಯ ಜೊತೆಗೇ ನಡೆಯುತ್ತದೆ, ವಿಳಂಬ 8.9 ನ್ಯಾನೋಸೆಕೆಂಡು. ಬಳಸಿದ ಮೆಮೊರಿ ಕೊಳ್ಳುವಾಗ ಸ್ಯಾಮ್‌ಸಂಗ್ ಬಿ-ಡೈ ಸಿಕ್ಕರೆ ಬಿಡಬಾರದು. 3200ರಲ್ಲಿ 14-14-14 ಎಂದು ಮೂರೂ ಸಂಖ್ಯೆಗಳು ಸಮವಾಗಿದ್ದು ವೋಲ್ಟೇಜ್ 1.35 ಆಗಿದ್ದರೆ ಅದು ಬಿ-ಡೈ ಎಂದು ಹೆಚ್ಚುಕಡಿಮೆ ಖಚಿತ. ಕೋರ್ಸೇರ್ ಮಾಡ್ಯೂಲಿನ ಸ್ಟಿಕ್ಕರಿನಲ್ಲಿ 4.31 ಎಂಬ ಆವೃತ್ತಿ ಸಂಖ್ಯೆ ಇದ್ದರೂ ಅದೇ ಅರ್ಥ. ಡಿಡಿಆರ್5 ಬೋರ್ಡಿಗೆ ಈ ಮಾಡ್ಯೂಲುಗಳು ಕೂರುವುದಿಲ್ಲ. ಪಿನ್‌ಗಳ ಸಂಖ್ಯೆ ಎರಡರಲ್ಲೂ 288 ಆದರೂ ನಡುವಿನ ಕಚ್ಚಿನ ಜಾಗ ಬೇರೆ.

ಪರೀಕ್ಷೆ ಮತ್ತು ಸೆಕೆ

ಕಿಟ್ ಕೊಂಡ ಮೊದಲ ವಾರದಲ್ಲೇ, ಬದಲಾಯಿಸಿಕೊಳ್ಳುವ ಅವಧಿ ಮುಗಿಯುವ ಮುನ್ನ, ಏನನ್ನೂ ತಿದ್ದದೆ ಬರಿಯ ಪ್ರೊಫೈಲಿನಲ್ಲಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಒಂದು ರಾತ್ರಿ ಓಡಿಸಬೇಕು. ಅಲ್ಲೇ ದೋಷ ಬಂದರೆ ಅದು ನಿಮ್ಮ ತಿದ್ದುವಿಕೆಯದಲ್ಲ, ಹಿಂದಿರುಗಿಸಬೇಕಾದ ಮಾಲು. ನಂತರ ಟೈಮಿಂಗ್‌ಗಳನ್ನು ಒಂದೊಂದಾಗಿ ಬದಲಿಸಿ ಟೆಸ್ಟ್‌ಮೆಮ್5 ಅಥವಾ ಕಾರ್ಹು, ಕೊನೆಗೆ ವೈ-ಕ್ರಂಚರ್ ಎಂಬ ಪರೀಕ್ಷಾ ತಂತ್ರಾಂಶಗಳನ್ನು ಓಡಿಸಬೇಕು. ವಿಂಡೋಸ್ ತೆರೆದುಕೊಂಡಿತು, ಆಟ ನಡೆಯಿತು ಎಂಬುದು ಸ್ಥಿರತೆಗೆ ಸಾಕ್ಷಿಯಲ್ಲ. ತಪ್ಪು ಬಿಟ್ ಒಂದು ಫೈಲಿನೊಳಗೆ ಸದ್ದಿಲ್ಲದೆ ಕುಳಿತುಬಿಡಬಹುದು. ಡಿಡಿಆರ್5 ಚಿಪ್ಪಿನೊಳಗೆ ದೋಷ ಸರಿಪಡಿಸುವ ವ್ಯವಸ್ಥೆ ಇದೆಯಾದರೂ ಅದು ಚಿಪ್ಪಿಗೂ ಪ್ರೊಸೆಸರಿಗೂ ನಡುವಿನ ದಾರಿಯಲ್ಲಿ ಆಗುವ ತಪ್ಪನ್ನು ಕಾಣಲಾರದು, ಮತ್ತು ಓವರ್‌ಕ್ಲಾಕಿಂಗ್‌ನ ತಪ್ಪುಗಳು ಹೆಚ್ಚಾಗಿ ಆಗುವುದು ಆ ದಾರಿಯಲ್ಲೇ.

ಕಲಬುರಗಿಯಲ್ಲಿರುವ ಬಂಧುವೊಬ್ಬರಿಗೆ ನಾನು ಜನವರಿಯಲ್ಲಿ ಹೊಂದಿಸಿಕೊಟ್ಟ ಕಂಪ್ಯೂಟರು ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಹೊತ್ತು ತಾನಾಗಿ ಮರುಪ್ರಾರಂಭವಾಗತೊಡಗಿತು. ರಾತ್ರಿ ಏನೂ ಆಗುತ್ತಿರಲಿಲ್ಲ. ಹೊರಗೆ ನಲವತ್ತು ಡಿಗ್ರಿ ದಾಟಿದ ದಿನ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರವಾಗಿ ಮಾಡ್ಯೂಲುಗಳ ಮೇಲೆ ಬೀಸಿ ಅವು 60 ಡಿಗ್ರಿಯ ಮೇಲಿದ್ದವು. ಬಿಸಿಯಾದಷ್ಟೂ ಕೋಶಗಳು ಬೇಗ ಸೋರುತ್ತವೆ, ನಾನು ಏರಿಸಿಟ್ಟಿದ್ದ ಟಿಆರ್‌ಇಎಫ್‌ಐಗೆ ಆ ಸೋರಿಕೆಯನ್ನು ತುಂಬಿಸಲಾಗುತ್ತಿರಲಿಲ್ಲ. 50,000ವನ್ನು 30,000ಕ್ಕೆ ಇಳಿಸಿ, ಮಾಡ್ಯೂಲುಗಳ ಮೇಲೆ ಗಾಳಿ ಬೀಳುವಂತೆ 120 ಮಿಲಿಮೀಟರಿನ ಒಂದು ಫ್ಯಾನನ್ನು ಕಟ್ಟಿದ ಮೇಲೆ ಅದು ಮೇ ತಿಂಗಳನ್ನು ದಾಟಿತು. ಈಗ ಚಳಿಗಾಲದಲ್ಲಿ ಯಾರದ್ದಾದರೂ ಮೆಮೊರಿ ಹೊಂದಿಸಿದರೆ, ಫ್ಯಾನ್ ನಿಲ್ಲಿಸಿ, ಕೇಸಿನ ಮುಂಭಾಗಕ್ಕೆ ರಟ್ಟು ಮುಚ್ಚಿ, ಮಾಡ್ಯೂಲುಗಳನ್ನು 60 ಡಿಗ್ರಿಗೆ ಏರಿಸಿ ಕೊನೆಯ ಪರೀಕ್ಷೆಯನ್ನು ಓಡಿಸುತ್ತೇನೆ. ಅದರಲ್ಲಿ ಪಾಸಾದ ಸೆಟ್ಟಿಂಗನ್ನೇ ಬಯಾಸ್ ಪ್ರೊಫೈಲಿನಲ್ಲಿ ಉಳಿಸಿಕೊಡುತ್ತೇನೆ.